ಹಿಂದಕ್ಕಷ್ಟೇ ಹೋಗುವ ಗಾಡಿ

ಸಿಂದಗಿ, ಜನವರಿ ೧೬, ೧೯೭೪

ಲಾರಿ ಹೊಡೆಯುವಾಗ ಎಲ್ಲಿಂದ ಎಲ್ಲಿಗೆ ಹೋದೆ, ಏನು ಹೇರಿದೆ ಎಂದು ಬರೆದಿಡುವ ಚಟವಿತ್ತು ನನಗೆ. ಎಡಗಾಲು ಹೋದ ಮೇಲೆ ಈ ಪುಸ್ತಕ ಮುಟ್ಟಿರಲಿಲ್ಲ. ಬರೆಯುವುದೇನು ಮಣ್ಣು? ಹಾಸಿಗೆಯಿಂದ ಬಚ್ಚಲಿಗೆ, ಬಚ್ಚಲಿನಿಂದ ಹಾಸಿಗೆಗೆ. ಹೇರಿದ್ದು ಈ ಸಿದ್ದರಾಯನ, ಅಂದರೆ ನನ್ನದೇ, ಹೆಣ. ಇಂಡಿಯಿಂದ ಲಿಂಬೆಹಣ್ಣು ಹೇರಿಕೊಂಡು ಬರುವಾಗ ಲಾರಿ ಮಗುಚಿತು, ಸೊಲ್ಲಾಪುರದ ಡಾಕ್ಟರು ಮೊಣಕಾಲಿನ ಮೇಲಿಂದ ಕೊಯ್ದು ಹಾಕಿದರು. ಕ್ಲಚ್ ಒತ್ತುವ ಕಾಲೇ ಹೋಯಿತು. ಕ್ಲಚ್ ಒತ್ತಲಾರದವನು ಡ್ರೈವರ್ ಅಲ್ಲ, ಮೂಲೆಗಿಟ್ಟ ಸಾಮಾನು.

ಇವತ್ತು ಹತ್ತಿ ಗಿರಣಿಯ ಸಾವಕಾರ ಶ್ರೀಶೈಲಪ್ಪನವರು ಮನೆಗೆ ಬಂದಿದ್ದರು. ಮುಂಬಯಿಯಲ್ಲಿ ಅವರ ಹತ್ತಿ ಕೊಳ್ಳುವ ದಲಾಲ ತನ್ನ ಹಳೆಯ ಅಮೇರಿಕದ ಕಾರನ್ನು ಇವರ ತಲೆಗೆ ಕಟ್ಟಿದ್ದಾನೆ.

"ಸಿದ್ದರಾಯಾ, ಅದಕ್ಕ ಕ್ಲಚ್ಚ ಇಲ್ಲೋ ಮಾರಾಯಾ. ಗೇರು ತಾನ ಬೀಳತೈತಿ. ಒಂದ ಕಾಲಿದ್ರ ಸಾಕು."

"ಚ್ಯಾಷ್ಟಿ ಮಾಡಾಕ ನಾನ ಸಿಕ್ಕೆನೇನ್ರಿ ಸಾವಕಾರ್ರ?"

"ಬಂದ್ ನೋಡು. ಆದ್ರ ಖರೇ ಹೇಳ್ತೇನಿ, ಅದು ಮುಂದಕ್ಕ ಹೋಗವಲ್ದು. ಹಿಂದಕ್ಕಷ್ಟ ಹೋಗತೈತಿ. ಯುಗಾದಿಗೆ ಬಾಗೇವಾಡಿ ಬೀಗರ ಮನಿಗೆ ಅದರಾಗ ಹೋಗಬೇಕಂತ ಭಾಳ ಆಸೆ ಐತಿ ನನಗ. ನೀ ಅದನ್ನ ನಡಸಿದಿ ಅಂದ್ರ ಅದರ ಸ್ಟೇರಿಂಗು ನಿಂದ. ಇಲ್ಲಂದ್ರ ಸೊಲ್ಲಾಪುರದ ಗುಜರಿಯವನಿಗಿ ತೂಕಕ್ಕ ಹಾಕ್ತೇನಿ."

ಟಾಂಗಾ ಕಳಿಸಲು ಹೇಳಿದೆ. ಆಸ್ಪತ್ರೆಯವರು ಕೊಟ್ಟ ಬಗಲಬಡಿಗೆ ಊರಿಕೊಂಡು ನಾನು ಬಜಾರದಲ್ಲಿ ನಡೆಯುವುದಿಲ್ಲ. ಕುಂಟನಿಗೆ ಎಂಟು ಚೇಷ್ಟೆ ಎನ್ನುವ ಮಂದಿಗೆ ಒಂಬತ್ತನೆಯದು ತೋರಿಸುವ ಹೌಸು ನನಗಿಲ್ಲ.

ಜನವರಿ ೧೯

ಖರೆಯೇ, ಕ್ಲಚ್ ಇಲ್ಲ! ಎರಡೇ ಪೆಡಲ್. ಒಂದು ಓಡಲಿಕ್ಕೆ, ಒಂದು ನಿಲ್ಲಲಿಕ್ಕೆ. ಸೀಟಿನ ಮೇಲೆ ಕುಳಿತು ಸ್ಟೇರಿಂಗ್ ಹಿಡಿದೆ. ಅಲ್ಲಿಯೇ ಅತ್ತುಬಿಡುತ್ತಿದ್ದೆ, ಗಿರಣಿಯ ಹಮಾಲರು ನೋಡುತ್ತಾ ನಿಂತಿದ್ದರೆಂದು ಅವರನ್ನು ಬೈದೆ.

ಹಿಂದಕ್ಕೆ ಹಾಕಿದರೆ ಗಾಡಿ ಮದುಮಗಳ ಹಾಗೆ ಸದ್ದಿಲ್ಲದೆ ಹೋಗುತ್ತದೆ. ಮುಂದಕ್ಕೆ ಹಾಕಿದರೆ ಇಂಜಿನ್ ಬೊಬ್ಬೆ ಹೊಡೆಯುತ್ತದೆ, ಗಾಲಿ ಮಾತ್ರ ನಿಂತಲ್ಲೇ. ಗಿರಣಿಯ ಲಾರಿಗಳಿಗೆಂದು ತೋಡಿದ ಗುಂಡಿಯೊಂದಿದೆ. ಕಾರನ್ನು ಅದರ ಮೇಲೆ ನಿಲ್ಲಿಸಿ, ಇಬ್ಬರು ಹಮಾಲರು ನನ್ನ ರಟ್ಟೆ ಹಿಡಿದು ಹತ್ತಿಯ ಮೂಟೆ ಇಳಿಸಿದ ಹಾಗೆ ಕೆಳಗಿಳಿಸಿದರು. ಗಾಡಿಯ ಜೊತೆ ಒಂದು ಇಂಗ್ಲಿಷ್ ಪುಸ್ತಕ ಬಂದಿದೆ. ಇಂಗ್ಲಿಷ್ ನನಗೆ ಬಾರದು, ಚಿತ್ರ ತಿಳಿಯುತ್ತದೆ.

ವಿಷಯ ಇಷ್ಟು. ಗೇರ್ ಪೆಟ್ಟಿಗೆಯ ಒಳಗೆ ಒಂದು ಡ್ರಮ್ಮು, ಅದರ ಸುತ್ತ ಉಕ್ಕಿನ ಪಟ್ಟಿ. ಪಟ್ಟಿ ಡ್ರಮ್ಮನ್ನು ಬಿಗಿಯಾಗಿ ಹಿಡಿದರೆ ಗಾಡಿ ಮುಂದೆ ಹೋಗುತ್ತದೆ. ಪಟ್ಟಿಯನ್ನು ಬಿಗಿಯುವುದು ಪಕ್ಕದ ಒಂದು ಡಬ್ಬಿ. ಎಣ್ಣೆಯ ಒತ್ತಡಕ್ಕೆ ಡಬ್ಬಿಯೊಳಗಿನ ಪಿಸ್ಟನ್ ಮುಂದೆ ಬಂದು ಪಟ್ಟಿಯನ್ನು ಒತ್ತುತ್ತದೆ. ಗಾಡಿ ತಂದ ಮುಂಬಯಿಯ ಡ್ರೈವರ್ ಈ ಡಬ್ಬಿಗೆ ಸರ್ವೋ ಅಂದನಂತೆ. ಬಿಚ್ಚಿ ನೋಡಿದೆ. ಪಿಸ್ಟನ್ನಿನ ರಬ್ಬರ್ ವಾಶರ್ ಒಣ ರೊಟ್ಟಿಯ ಹಾಗೆ ಮುರಿದು ಬಿದ್ದಿದೆ. ಎಣ್ಣೆ ಸೋರಿಹೋದರೆ ಒತ್ತಡ ಎಲ್ಲಿಂದ ಬರಬೇಕು?

ಇಷ್ಟೇ ಇಷ್ಟು ರಬ್ಬರು. ಅದು ಸಿಕ್ಕರೆ ನಾನು ಡ್ರೈವರ್.

ಜನವರಿ ೨೭

ಸೊಲ್ಲಾಪುರದಲ್ಲಿ ಇಲ್ಲ. ಮುಂಬಯಿಯಲ್ಲೂ ಇಲ್ಲವಂತೆ, ಆ ಕಾಲದ ಸಾಮಾನು ಈಗ ಬರುವುದಿಲ್ಲವಂತೆ. ಆದರೆ ಸ್ಟೋವಿನ ಪಂಪಿಗೆ ತೊಗಲಿನ ವಾಶರ್ ಇರುತ್ತದಲ್ಲ! ಅದೇ ನಮೂನೆ ದೊಡ್ಡದು ಮಾಡಿಸಿದರೆ ಆಯಿತು.

ಬಸ್ ಸ್ಟ್ಯಾಂಡಿನ ಎದುರು ಚಪ್ಪಲಿ ಹೊಲಿಯುವ ಮಾನ್ಯಾನನ್ನು ಕರೆಸಿದೆ. ಕನ್ನೊಳ್ಳಿಯವನು, ಹೆಸರು ಮಾನಪ್ಪ, ಊರ ಬಾಯಲ್ಲಿ ಮಾನ್ಯಾ. ಎತ್ತು ಹೂಡಿ ಬಾವಿಯ ನೀರೆಳೆಯುವ ತೊಗಲ ಮೊಟ್ಟೆ ಹೊಲಿಯುವುದರಲ್ಲಿ ಅವನಪ್ಪನ ಹೆಸರು ದೊಡ್ಡದು. ಈಗ ಊರೂರಿಗೆ ಕರೆಂಟಿನ ಪಂಪು ಬಂದಿದೆ, ಮೊಟ್ಟೆ ಕೇಳುವವರಿಲ್ಲ. ಮೆಟ್ಟಿಲ ಕೆಳಗೆ ಕುಳಿತ. ನನ್ನ ಹೆಂಡತಿ ರೇವವ್ವ ಮೇಲಿನಿಂದ ನೀರು ಹಾಕಿದಳು, ಬೊಗಸೆಯಲ್ಲಿ ಕುಡಿದ. ಪಿಸ್ಟನ್ನನ್ನು ಅವನ ಮುಂದೆ ನೆಲದ ಮೇಲಿಟ್ಟೆ.

"ಏ ಮಾನ್ಯಾ, ಇದಕ್ಕ ಬೋಗುಣಿ ಹಂಗ ವಾಶರ್ ಆಗಬೇಕು. ಹನಿ ಎಣ್ಣಿ ಸೋರಬಾರದು. ಸೋರಿತಂದ್ರ ನಿನ್ನ ಚರ್ಮ ಸುಲೀತೇನಿ."

"ಎಪ್ಪಾ, ನಮ್ಮ ಮೊಟ್ಟಿ ಹತ್ತು ಮಳಿಗಾಲ ಸೋರತಿದ್ದಿಲ್ರಿ. ಇದೇನ್ರಿ, ಅಂಗೈ ಅಷ್ಟು."

ತೊಗಲು ನೆನೆಸಿ, ಕಟ್ಟಿಗೆಯ ಅಚ್ಚಿನ ಮೇಲೆ ಬಡಿದು ಕೂರಿಸಿ, ಒಣಗಿಸಿ ತರುತ್ತಾನಂತೆ. ಮೇಲೆ ರೋಗಾನ್ ಹಚ್ಚುತ್ತಾನಂತೆ. ಕುಸುಬಿ ಎಣ್ಣೆಯನ್ನು ಜೇನಿನ ಹಾಗೆ ಗಟ್ಟಿಯಾಗುವ ತನಕ ಕಾಯಿಸಿದ್ದು ಅದು. ಮೊಟ್ಟೆಗೆ ಅದನ್ನು ಹಚ್ಚಿದರೆ ತೊಗಲು ನೀರಲ್ಲಿ ಕೊಳೆಯುವುದಿಲ್ಲ. ಹಚ್ಚಲಿ, ನನ್ನ ಗಂಟೇನು ಹೋಗುತ್ತದೆ.

ಫೆಬ್ರುವರಿ ೩

ವಾಶರ್ ಚೆನ್ನಾಗಿ ಬಂದಿದೆ. ಕತ್ತೆ ನಾನು. ಬೋಗುಣಿಯ ಬಾಯಿ ಎಣ್ಣೆ ಬರುವ ಕಡೆಗಿರಬೇಕು, ಉಲ್ಟಾ ಹಾಕಿದೆ. ಗಾಡಿ ಕದಲಲಿಲ್ಲ. ಮತ್ತೆ ಗುಂಡಿಗಿಳಿದು ಮತ್ತೆ ಬಿಚ್ಚಿ ಹಾಕಿದೆ. ಈ ಸಲ ಪಿಸ್ಟನ್ನಿನ ಮೂತಿ ಪಟ್ಟಿಯ ಕಚ್ಚಿನಲ್ಲಿ ಕೂರದೆ ಪಕ್ಕಕ್ಕೆ ಜಾರಿತು. ಮೂರನೆಯ ಸಲ ಮುಚ್ಚಳದ ಸ್ಪ್ರಿಂಗ್ ಸಿಡಿದು ಹಣೆಗೆ ಬಡಿಯಿತು. ರಕ್ತ ಕಣ್ಣೊಳಗೆ ಇಳಿಯುತ್ತಿದ್ದರೂ ಕೈ ಬಿಟ್ಟರೆ ಎಲ್ಲ ಕೆಳಗೆ ಬೀಳುತ್ತದೆ. "ಹಿಡಕೊಳ್ಳಲೇ!" ಎಂದು ಕೂಗಿದೆ. ಹಮಾಲರು ಮೇಲಿಂದ ಬಗ್ಗಿ ನೋಡಿದರೇ ಹೊರತು ಇಳಿಯಲಿಲ್ಲ. ಇಳಿದದ್ದು ಮಾನ್ಯಾ. ಎರಡೂ ಕೈಯಿಂದ ಮುಚ್ಚಳ ಒತ್ತಿ ಹಿಡಿದ, ನಾನು ಬಿಗಿದೆ.

ಗುಂಡಿಯಲ್ಲಿ ಇಬ್ಬರಿಗೆ ಜಾಗ ಸಾಲದು. ಮೈಗೆ ಮೈ ಹತ್ತುತ್ತದೆ. ಮನೆಗೆ ಬಂದು ಸ್ನಾನ ಮಾಡಿದೆ.

ಫೆಬ್ರುವರಿ ೯

ಬೆಳಿಗ್ಗೆ ಗಾಡಿ ಮುಂದಕ್ಕೆ ಹೋಯಿತು!

ಗಿರಣಿಯ ಬಾಗಿಲು ದಾಟಿ, ಬಜಾರ ದಾಟಿ, ಕನ್ನೊಳ್ಳಿಯ ದಾರಿ ಹಿಡಿದೆ. ಗಾಳಿ ಮುಖಕ್ಕೆ ಹೊಡೆಯಿತು. ನನಗೆ ಎರಡೂ ಕಾಲು ಇದ್ದವು, ಖರೆ ಹೇಳುತ್ತೇನೆ, ಇದ್ದವು. ಹಿಂದಿನ ಸೀಟಿನಲ್ಲಿ ಮಾನಪ್ಪ ತುದಿಯಲ್ಲಿ ಕುಳಿತು ಕಿಟಕಿ ಹಿಡಿದುಕೊಂಡಿದ್ದ.

ಅರ್ಧ ದಾರಿಗೆ ಹೋಗುವಷ್ಟರಲ್ಲಿ ಇಂಜಿನ್ ಬೊಬ್ಬೆ ಹೊಡೆಯಿತು, ಗಾಡಿ ನಿಂತಿತು. ಮುಂದಕ್ಕೆ ಒಲ್ಲೆ ಅಂತು. ಹಿಂದಕ್ಕೆ ಹಾಕಿದೆ, ಹೊರಟಿತು ಹಾದರಗಿತ್ತಿ. ಅಲ್ಲಿಂದ ಸಿಂದಗಿಯ ತನಕ ಕತ್ತು ತಿರುವಿಕೊಂಡು ಹಿಂದಕ್ಕೇ ಹೊಡೆದುಕೊಂಡು ಬಂದೆ. ಸಂತೆಯ ದಿನ. ಇಡೀ ಬಜಾರ ಎದ್ದು ನಿಂತು ನೋಡಿತು.

"ಏ, ಸಿದ್ದರಾಯ ಕಾಲ ಹುಡುಕ್ಯಾಡಾಕತ್ತಾನ ನೋಡ್ರೆಪಾ, ಹಿಂದ ಎಲ್ಲೋ ಬಿಟ್ಟ ಬಂದಾನಂತ!"

ಯಾರೆಂದು ನೋಡಲಿಲ್ಲ. ನೋಡಿದ್ದರೆ ಮೇಲೆ ಹಾಯಿಸಿಬಿಡುತ್ತಿದ್ದೆ.

ಫೆಬ್ರುವರಿ ೧೦

ಏನೂ ಇಲ್ಲ.

ಫೆಬ್ರುವರಿ ೨೧

ಮತ್ತೆ ಬಿಚ್ಚಿದೆ. ಪಿಸ್ಟನ್ ಡಬ್ಬಿಯಲ್ಲಿ ಅರ್ಧಕ್ಕೆ ಸಿಕ್ಕಿಕೊಂಡಿತ್ತು, ಎಳೆದು ತೆಗೆದೆವು. ಒಳಗೆಲ್ಲ ಕಂದು ಬಣ್ಣದ ಅಂಟು. ಎಣ್ಣೆ ಸುಟ್ಟಿರಬೇಕು ಎಂದುಕೊಂಡೆ. ಸೀಮೆಎಣ್ಣೆಯಿಂದ ಒರೆಸಿ, ಹೊಸ ವಾಶರ್ ಹಾಕಿ, ಸೊಲ್ಲಾಪುರದಿಂದ ಹೊಸ ಕೆಂಪು ಎಣ್ಣೆ ತರಿಸಿ ತುಂಬಿದೆವು. ತಂಪಿರುವಾಗ ಓಡಿತು. ಬಿಸಿಯಾದ ಕೂಡಲೇ ಮತ್ತೆ ಅದೇ ಹಾಡು. ಸ್ಪ್ರಿಂಗ್ ಗಡುಸಾಯಿತೇನೋ ಎಂದು ಅದನ್ನು ಬದಲಿಸಿದೆವು. ಅದೂ ಅಲ್ಲ. ಪಟ್ಟಿಯ ತಿರುಪು ಬಿಗಿದು ನೋಡಿದೆವು, ಸಡಿಲ ಬಿಟ್ಟು ನೋಡಿದೆವು. ಅದೂ ಅಲ್ಲ.

ಮಾನಪ್ಪ ಪ್ರತಿ ಸಲವೂ ಹೊಸ ವಾಶರ್ ಮಾಡಿಕೊಂಡು ಬರುತ್ತಾನೆ, ಹೋದ ಸಲಕ್ಕಿಂತ ನುಣುಪಾಗಿ. "ಇದಕ್ಕ ಎರಡ ಕೈ ರೋಗಾನ್ ಹಚ್ಚೇನ್ರಿ ಅಣ್ಣಾರ, ನೋಡ್ರಿ ಕನ್ನಡಿ ಆಗೈತಿ" ಎನ್ನುತ್ತಾನೆ. ಗಿರಣಿಯವರು ಗುಂಡಿಗೆ ಒಂದೇ ಲೋಟ ಚಹಾ ಇಳಿಸುತ್ತಾರೆ, ಜಿಪುಣರು. ಅರ್ಧ ನಾನು ಕುಡಿದು ಅವನಿಗೆ ಕೊಟ್ಟೆ. ಸಕ್ಕರೆ ಕೂಡ ಕಡಿಮೆ.

ಮಾರ್ಚ್ ೧

ಸಾವಕಾರರು ಗುಂಡಿಯ ಬಳಿ ಬಂದು ನಿಂತರು, ಬಗ್ಗಲಿಲ್ಲ.

"ಪೆಟ್ರೋಲ್ ರೇಟ್ ಕೇಳೀ ಏನಪಾ? ಆಕಾಶಕ್ಕ ಏರೇತಿ. ಇದು ನೋಡಿದ್ರ ಎಮ್ಮಿ ನೀರ ಕುಡಿದಂಗ ಕುಡೀತೈತಿ. ಗುಜರಿಯವಾ ಎರಡ ಸಲ ಹೇಳಿ ಕಳಿಸ್ಯಾನ."

"ಯುಗಾದಿ ಅಂದಿದ್ರಿ, ಸಾವಕಾರ್ರ."

"ಅಂದೇನಿ. ಇಲ್ಲ ಅಂದಿಲ್ಲ."

ಆ ದನಿಯನ್ನು ನಾನು ಬಲ್ಲೆ. ಸೊಲ್ಲಾಪುರದ ಡಾಕ್ಟರು ಕಾಲಿನ ಬಗ್ಗೆ 'ನೋಡೋಣ' ಎಂದದ್ದೂ ಇದೇ ದನಿಯಲ್ಲಿ.

ಮಾರ್ಚ್ ೭

ಮೂರನೆಯ ಸಲವೂ ದಾರಿಯಲ್ಲಿ ಕೈ ಕೊಟ್ಟಿತು. ಹಿಂದಕ್ಕೆ ಬಂದೆ. ಈ ಸಲ ಯಾರೂ ನಗಲಿಲ್ಲ. ಅದು ನಗುವುದಕ್ಕಿಂತ ಕೆಟ್ಟದ್ದು. ಮನೆಯಲ್ಲಿ ರೇವವ್ವ ಊಟಕ್ಕೆ ಕರೆದಳು, ತಾಟನ್ನು ಗೋಡೆಗೆ ಎಸೆದೆ. ಅವಳು ರೊಟ್ಟಿಯ ತುಣುಕು ಆಯ್ದುಕೊಂಡಳು. ಎದ್ದು ಬಗಲಬಡಿಗೆ ಊರಿಕೊಂಡು ಬಜಾರದ ನಡುವಿನಿಂದಲೇ ಗಿರಣಿಯ ಹಿಂದಿನ ಬಾವಿಗೆ ಹೋದೆ. ಕಟ್ಟೆಯ ಮೇಲೆ ಕುಳಿತೆ. ಆಳವಿದೆ. ಒಂಟಿ ಕಾಲಿನವನು ಈಜಲಾರ ಎಂದು ಲೆಕ್ಕ ಹಾಕಿದೆ.

ಮಾನಪ್ಪ ಬಂದು ಪಕ್ಕದಲ್ಲಿ ಕುಳಿತ. ಯಾಕೆ ಬಂದೆ ಎಂದು ನಾನೂ ಕೇಳಲಿಲ್ಲ, ಅವನೂ ಕೇಳಲಿಲ್ಲ.

"ಸಿದ್ದಣ್ಣಾ, ಈ ಬಾವಿಗಿ ಮೊಟ್ಟಿ ಹೊಲದಾವ ನಮ್ಮಪ್ಪ. ಅವಾ ಸಾಯೂಮುಂದ ಏನಂದಾ ಗೊತ್ತೇನು? ತೊಗಲಿಗಿ ರೋಗಾನ್ ತಪ್ಪಿಸಬ್ಯಾಡ, ಮಾನ್ಯಾ, ಮಂದಿ ಬಿಟ್ರೂ ಕೆಲಸ ನಮ್ಮನ್ನ ಬಿಡೂದಿಲ್ಲ ಅಂದಾ." ಬಾವಿಯೊಳಗೆ ನೋಡಿದ. ಕೆಳಗೆ ಮೋಟರು ಗುಂಯ್ ಎನ್ನುತ್ತಿತ್ತು. "ಸುಳ್ಳ ಹೇಳಿ ಹೋದಾ ನೋಡು. ಕೆಲಸನ ಮೊದಲ ಬಿಡ್ತು."

"ನಿನಗರೆ ಎರಡ ಕಾಲ ಅದಾವ."

"ಹೌದು, ಅದಾವ. ಎಲ್ಲಿಗಿ ಹೋಗಲಿ ಹೇಳು?"

ಇಬ್ಬರೂ ಎಲೆ ಅಡಿಕೆ ಹಾಕಿಕೊಂಡೆವು, ಅವನ ಚಂಚಿಯಿಂದ. ಹೊತ್ತು ಮುಳುಗುವ ಮೊದಲು ಮನೆಗೆ ಬಂದೆ.

ಮಾರ್ಚ್ ೧೫

ಆಸೆ ಬಿಟ್ಟಾಗಿದೆ. ಗಿರಣಿಗೆ ಹೋಗಿ ಎಂಟು ದಿನವಾಯಿತು.

ರೇವವ್ವ ಅಂಗಳದಲ್ಲಿ ಕುಸುಬಿ ಎಣ್ಣೆಯ ಗಿಂಡಿ ತಿಕ್ಕುತ್ತಿದ್ದಳು. ಬೂದಿ ಹಾಕಿ ತಿಕ್ಕಿ ತಿಕ್ಕಿ ಕೈ ಕೆಂಪಾಗಿತ್ತು. ಹುಬ್ಬಿಗೆ ಬೆವರು. ಅವಳ ಕೈ ಇಷ್ಟು ಒರಟಾದದ್ದು ಯಾವಾಗಲೋ. "ಇಲ್ಲಿ ಕೊಡು" ಅಂದೆ. ದಿಗಿಲುಬಿದ್ದು ಕೊಟ್ಟಳು, ಅದನ್ನೂ ಗೋಡೆಗೆ ಎಸೆಯುತ್ತೇನೆ ಎಂದುಕೊಂಡಿರಬೇಕು. ನಾನು ಕುಳಿತು ತಿಕ್ಕತೊಡಗಿದೆ.

ಗಿಂಡಿಯ ಕಂಠಕ್ಕೆ ಕಂದು ಬಣ್ಣದ ಅಂಟು ಹಿಡಿದಿತ್ತು. ಉಗುರಿನಿಂದ ಕೆರೆದರೂ ಬಿಡುವುದಿಲ್ಲ.

"ಇದು ಯಾಕ ಹಿಂಗಾಗತೈತಿ?"

"ಕುಸುಬಿ ಎಣ್ಣಿ ಅಲ್ಲೇನ್ರಿ. ಒಲಿ ಮಗ್ಗಲ ಇಟ್ರ ಬಿಸಿಗೆ ಅಂಟ ಆಗಿ ಕುಂದರತೈತಿ. ಮುಚ್ಚಳ ಹಾಕಿದ್ರ ತೆಗ್ಯಾಕ ಬರೂದಿಲ್ಲ, ಹಂಗ ಹಿಡೀತೈತಿ."

ಮೂಗಿಗೆ ಹಿಡಿದೆ. ಡಬ್ಬಿಯೊಳಗಿನ ಅದೇ ವಾಸನೆ, ಅದೇ ಬಣ್ಣ. ಸುಟ್ಟದ್ದು ಕೆಂಪು ಎಣ್ಣೆಯಲ್ಲ, ರೋಗಾನ್! ಬಾವಿಯ ತಣ್ಣೀರಿನಲ್ಲಿ ಮೊಟ್ಟೆಯನ್ನು ಕಾಯುವ ರೋಗಾನ್ ಗೇರ್ ಪೆಟ್ಟಿಗೆಯ ಬಿಸಿಯಲ್ಲಿ ಕರಗಿ, ಅಂಟಾಗಿ, ಪಿಸ್ಟನ್ನನ್ನು ಅರ್ಧ ದಾರಿಯಲ್ಲಿ ಹಿಡಿದುಬಿಡುತ್ತಿದೆ. ಮಾನಪ್ಪ ಪ್ರೀತಿಯಿಂದ ಒಂದು ಕೈ ಹೆಚ್ಚು ಹಚ್ಚಿದಷ್ಟೂ ಗಾಡಿ ಬೇಗ ನಿಂತಿದೆ. ಗಿಂಡಿ ಹಿಡಿದುಕೊಂಡು ನಗತೊಡಗಿದೆ. ರೇವವ್ವ ಬಾಗಿಲ ಹತ್ತಿರ ಸರಿದು ನಿಂತಳು.

ಮಾರ್ಚ್ ೧೯

ಮೊನ್ನೆ ನಡೆದುಕೊಂಡೇ ಬಸ್ ಸ್ಟ್ಯಾಂಡಿಗೆ ಹೋಗಿ ಮಾನಪ್ಪನಿಗೆ ಹೇಳಿದೆ, ಈ ಸಲ ರೋಗಾನ್ ಬೇಡ, ಬರೀ ತೊಗಲು ಸಾಕು ಎಂದು. ಅವನ ಮುಖ ಸಣ್ಣದಾಯಿತು.

"ಹಸೀ ತೊಗಲ ಕೊಡ್ಲಿ? ಸಿದ್ದಣ್ಣಾ, ಬ್ಯಾರೆ ಏನರೆ ಹೇಳು. ನಮ್ಮಪ್ಪ ಮಣ್ಣಾಗಿಂದ ಎದ್ದು ಬರ್ತಾನ."

ಇವತ್ತು ತಂದ. ಮೂರು ಕೈ ಹಚ್ಚಿದ್ದ. ಕಣ್ಣು ಕೋರೈಸುತ್ತಿತ್ತು. ಇನ್ನೊಂದು ಮಾಡಿಸಲು ಹೊತ್ತಿಲ್ಲ. ನಿನ್ನ ರೋಗಾನೇ ನನ್ನ ಮನೆ ಹಾಳು ಮಾಡಿದ್ದು ಎಂದು ಹೇಳಬೇಕಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಚಹಾ ತರಲು ಅವನನ್ನು ಕಳಿಸಿ, ವಾಶರನ್ನು ಸೀಮೆಎಣ್ಣೆಯಲ್ಲಿ ತಿಕ್ಕಿ ತೊಳೆದು, ಕೆಂಪು ಎಣ್ಣೆಯಲ್ಲಿ ನೆನೆಹಾಕಿದೆ. ಬಂದವನಿಗೆ ಎಣ್ಣೆಯಲ್ಲಿ ಮುಳುಗಿದ್ದಷ್ಟೇ ಕಂಡಿತು. ಎರಡು ಲೋಟ ತಂದಿದ್ದ, ಜಗಳ ಮಾಡಿ ಇಸಿದುಕೊಂಡನಂತೆ.

ಮಾರ್ಚ್ ೨೧

ಕನ್ನೊಳ್ಳಿಗೆ ಹೋಗಿ ಬಂದೆವು. ಮುಂದಕ್ಕೆ ಹೋದೆವು, ಮುಂದಕ್ಕೇ ಬಂದೆವು. ಬಾನೆಟ್ಟಿನ ಮೇಲೆ ಕೈ ಇಡಲಾಗದಷ್ಟು ಬಿಸಿಯಾದರೂ ನಿಲ್ಲಲಿಲ್ಲ. ಊರ ಮುಂದೆ ಮಾನಪ್ಪನ ಹೆಂಡತಿ ಸೀತವ್ವ ನಿಂತಿದ್ದಳು, ಅವಳ ಮುಂದೆ ಎರಡು ಸುತ್ತು ಹಾಕಿದೆ.

"ನೋಡಿದೆಲ್ಲ? ರೋಗಾನ್ ಬ್ಯಾಡ ಅಂತಿದ್ದಿ! ಮೂರ ಕೈ ಹಚ್ಚೇನಿ, ಅದಕ್ಕ ಹಿಡೀತು" ಅಂದ ಮಾನಪ್ಪ.

"ಹೌದು ಬಿಡಪಾ. ನಿನ್ನ ತೊಗಲ ಹಿಡೀತು."

ನೆಟ್ಟಗೆ ಸಾವಕಾರರ ಅಂಗಡಿಯ ಮುಂದೆ ತಂದು ನಿಲ್ಲಿಸಿ ಹಾರ್ನ್ ಹೊಡೆದೆ. ಹೊರಗೆ ಬಂದರು. ಗಾಡಿ ನೋಡಿದರು, ನನ್ನನ್ನು ನೋಡಿದರು. ಮುಖದಲ್ಲಿ ಒಂದಿಷ್ಟೂ ಹಿಗ್ಗಿಲ್ಲ.

"ತಡಾ ಮಾಡಿದೆಪಾ. ನಿನ್ನೆ ಮಾತು ಕೊಟ್ಟಬಿಟ್ಟೆ. ನಾಳೆ ಅವನ ಲಾರಿ ಬರತೈತಿ."

"ಯುಗಾದಿ ಇನ್ನೂ ಬಂದಿಲ್ರಿ!"

"ಬಂದಿಲ್ಲ. ಆದ್ರ ಇದನ್ನ ಸಾಕೋ ತಾಕತ್ತು ನನಗಿಲ್ಲೋ ಸಿದ್ದರಾಯಾ. ಬೀಗರ ಮನಿಗಿ ಬಸ್ಸಿಗಿ ಹೋಗ್ತೇನಿ. ಸಿಟ್ಟಾಗಬ್ಯಾಡ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಸಿಟ್ಟು ಕೂಡ ಬರಲಿಲ್ಲ. ಬರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ. ಗಾಡಿಯನ್ನು ಗಿರಣಿಯಲ್ಲಿ ಬಿಟ್ಟು ಬಂದೆ.

ಮಾರ್ಚ್ ೨೨

ಗುಜರಿಯವನು ಹಗ್ಗ, ಹಲಗೆ, ನಾಲ್ಕು ಆಳು ಎಲ್ಲ ತಂದಿದ್ದ. ಮೊದಲು ಗಿರಣಿಯ ಕಾಟಾದ ಮೇಲೆ ತೂಗಬೇಕು, ಆಮೇಲೆ ಲಾರಿಗೆ ಏರಿಸಬೇಕು. ಆಳುಗಳು ಹಿಂದಿನಿಂದ ನೂಕಲು ಕೈ ಹಚ್ಚಿದರು.

"ಕೈ ತೆಗೀರಿ" ಅಂದೆ. "ನಾ ಹೊಡಕೊಂಡ ಬರ್ತೇನಿ."

ಬಗಲಬಡಿಗೆಯನ್ನು ಹಿಂದಿನ ಸೀಟಿಗೆ ಎಸೆದು ಕುಳಿತೆ. ಮಾನಪ್ಪ ಹಿಂದಿನ ಬಾಗಿಲಿಗೆ ಕೈ ಹಾಕಿದ. "ಅಲ್ಲೇನ ಮಾಡ್ತಿ, ಮುಂದ ಬಾ" ಅಂದೆ. ಪಕ್ಕದಲ್ಲಿ ಬಂದು ಕುಳಿತ. ಕಾಟಾ ಇರುವುದು ಎಡಕ್ಕೆ. ನಾನು ಬಲಕ್ಕೆ ತಿರುಗಿಸಿದೆ. ಗುಜರಿಯವನು ಕೂಗಿದ, ಸಾವಕಾರರು ಕೈ ಎತ್ತಿ ಅವನನ್ನು ಸುಮ್ಮನಿರಿಸಿದ್ದು ಕನ್ನಡಿಯಲ್ಲಿ ಕಂಡಿತು.

ಬಜಾರದ ನಡುವೆ ಮುಂದಕ್ಕೆ ಹೋದೆವು. ಊರು ದಾಟಿ ಹಿಪ್ಪರಗಿಯ ದಾರಿ ಹಿಡಿದೆವು. ಅದು ಬಾಗೇವಾಡಿಗೆ ಹೋಗುವ ದಾರಿ. ಗಾಡಿ ತಾನೇ ಗೇರು ಬದಲಿಸಿತು, ಎಲ್ಲಿ ಬದಲಿಸಿತೆಂದು ತಿಳಿಯಲೂ ಇಲ್ಲ, ಅಷ್ಟು ಮೆತ್ತಗೆ. ಎರಡೂ ಬದಿಗೆ ಕುಸುಬಿಯ ಹೊಲ, ಕೊಯ್ದು ಮುಗಿದು ಬೋಳಾಗಿತ್ತು. ಹೀಗೇ ಹೋಗಿಬಿಡಬಹುದಿತ್ತು. ಎಲ್ಲಿಗೆ ಹೋಗಲಿ ಹೇಳು ಎಂದು ಇವನು ಬಾವಿಯ ಕಟ್ಟೆಯ ಮೇಲೆ ಕೇಳಿದ್ದು ನೆನಪಾಯಿತು. ಹಳ್ಳದ ಸೇತುವೆಯ ಹತ್ತಿರ ಗಾಡಿ ತಿರುಗಿಸಿದೆ.

ಕಾಟಾದ ಹಲಗೆಯ ಮೇಲೆ ನಿಲ್ಲಿಸಿ ಇಂಜಿನ್ ಬಂದ್ ಮಾಡಿದೆ. ತೂಗುವವನು ಕಿಟಕಿಗೆ ಬಂದ.

"ಇಳೀರಿ ಇಬ್ರೂ. ನಿಮ್ಮ ತೂಕ ಹಿಡ್ಯಾಕ ಬರೂದಿಲ್ಲ. ಬರೀ ಗುಜರಿ ತೂಕ ಬೇಕು."

ಮಾನಪ್ಪ ಇಳಿದು ಈ ಕಡೆ ಬಂದು ಬಾಗಿಲು ತೆರೆದು ಹೆಗಲು ಕೊಟ್ಟ. ಇಳಿದೆ. ಅವರು ತೂಗಿದರು, ಹಗ್ಗ ಕಟ್ಟಿ ಲಾರಿಗೆ ಏರಿಸಿದರು, ಹೋದರು. ನಾವು ಬಜಾರದ ನಡುವಿನಿಂದ ನಡೆದುಕೊಂಡು ಬಂದೆವು. ಯುಗಾದಿಗೆ ಬೇವು ಕುಡಿಯಲು ಬಾ, ಸೀತವ್ವನನ್ನೂ ಕರೆದುಕೊಂಡು ಬಾ ಎಂದು ಹೇಳಿದೆ. ಅವನು ಇವತ್ತು ಒಂದು ಚಪ್ಪಲಿಯನ್ನೂ ಹೊಲಿದಿಲ್ಲ. ನಾಳೆ ನನಗೆ ಮಾಡಲು ಏನೂ ಇಲ್ಲ, ನಾಡಿದ್ದೂ ಇಲ್ಲ. ಅವನ ಹೆಗಲ ಮೇಲೆ ಕೈ ಹಾಕಿಕೊಂಡೇ ಮನೆಯ ತನಕ ಬಂದೆ.

ರೇವವ್ವ ಬಾಗಿಲಲ್ಲೇ ನಿಂತಿದ್ದಳು. ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದಳು.

"ಬಗಲಬಡಿಗಿ ಎಲ್ಲೈತ್ರಿ?"

ಹಿಂದಿನ ಸೀಟಿನಲ್ಲೇ ಉಳಿದಿದೆ. ಗುಜರಿಯ ಜೊತೆ ಅದನ್ನೂ ತೂಗಿದ್ದಾರೆ. ಅವಳು ಕೇಳುವ ತನಕ ಅದು ನನ್ನ ನೆನಪಿಗೇ ಬಂದಿರಲಿಲ್ಲ.